ಪಾತಾಳಕ್ಕೆ ಚಾಚಿದ ಕೈ

ಶುಭ ಶುಕ್ರವಾರಕ್ಕೆ ಶಿಲುಬೆಯ ಹಾದಿ ಇದೆ, ಶಿಲುಬೆಯ ಆರಾಧನೆ ಇದೆ. ಪಾಸ್ಕ ಭಾನುವಾರಕ್ಕೆ ಬರಿದಾದ ಸಮಾಧಿ ಇದೆ, ಅಲ್ಲೆಲೂಯ ಇದೆ. ನಡುವಿನ ಶನಿವಾರಕ್ಕೆ ಏನಿದೆ? ಹಗಲೆಲ್ಲಾ ಬಲಿಪೂಜೆ ಇಲ್ಲ, ಬಲಿಪೀಠ ಬರಿದಾಗಿರುತ್ತದೆ, ಪರಮಪ್ರಸಾದದ ಪೆಟ್ಟಿಗೆಯ ಬಾಗಿಲು ತೆರೆದೇ ಇರುತ್ತದೆ. ಮನೆಗಳಲ್ಲಿ ಹಬ್ಬದ ಅಡುಗೆಯ ಸಿದ್ಧತೆ, ದೇವಾಲಯದಲ್ಲಿ ಹೂವಿನ ಅಲಂಕಾರದ ಗಡಿಬಿಡಿ. ಪ್ರಭುವಂತೂ ಸಮಾಧಿಯಲ್ಲಿದ್ದಾರೆ, ರಾತ್ರಿಯ ಜಾಗರಣೆಯವರೆಗೆ ಕಾಯೋಣ ಎಂದುಕೊಳ್ಳುತ್ತೇವೆ.

ಆದರೆ ಪ್ರೇಷಿತರ ವಿಶ್ವಾಸ ಪ್ರಮಾಣದಲ್ಲಿ ನಾವು ಆ ಶನಿವಾರದ ಬಗ್ಗೆ ಒಂದು ಮಾತು ಹೇಳುತ್ತೇವೆ. ಪ್ರಭು ಮರಣ ಹೊಂದಿದರು, ಸಮಾಧಿಯಾದರು ಎಂದ ಕೂಡಲೇ ಪಾತಾಳಕ್ಕೆ ಇಳಿದರು ಎನ್ನುತ್ತೇವೆ. ಬಾಲ್ಯದಿಂದ ಬಾಯಿಪಾಠವಾಗಿರುವುದರಿಂದ ಅದರ ಮೇಲೆ ನಿಲ್ಲದೆ ಮುಂದಕ್ಕೆ ಓಡುತ್ತೇವೆ. ಇಳಿದದ್ದು ಏಕೆ? ಅಲ್ಲಿ ಮಾಡಿದ್ದೇನು? ಅದಕ್ಕೂ ನಮಗೂ ಏನು ಸಂಬಂಧ? ಈ ಪ್ರಶ್ನೆಗಳಿಗೆ ದೊಡ್ಡ ದೊಡ್ಡ ಗ್ರಂಥಗಳಲ್ಲಿ ಉತ್ತರವಿದೆ. ಇಂಗ್ಲೆಂಡಿನ ಒಂದು ಹಳ್ಳಿಯ ದೇವಾಲಯದಲ್ಲಿ, ಸುಮಾರು 870 ವರ್ಷಗಳ ಹಿಂದೆ, ಹೆಸರು ತಿಳಿಯದ ಒಬ್ಬ ಕಲ್ಲುಕುಟಿಗ ಇದಕ್ಕೆ ಕಲ್ಲಿನಲ್ಲಿ ಉತ್ತರ ಕೆತ್ತಿಟ್ಟಿದ್ದಾನೆ. ಅದೂ ಗೋಡೆಯ ಮೇಲಲ್ಲ, ಹಸುಗೂಸುಗಳಿಗೆ ಜ್ಞಾನಸ್ನಾನ ಕೊಡುವ ತೊಟ್ಟಿಯ ಮೇಲೆ.

ಆ ಹಳ್ಳಿಯ ಹೆಸರು ಈರ್ಡಿಸ್ಲಿ. ಇಂಗ್ಲೆಂಡಿನ ಪಶ್ಚಿಮದಲ್ಲಿ, ವೇಲ್ಸ್ ಗಡಿಗೆ ತಾಗಿಕೊಂಡಿರುವ ಹೆರೆಫರ್ಡ್‌ಶೈರ್ ಎಂಬ ಕೃಷಿ ಪ್ರಧಾನ ಜಿಲ್ಲೆಯಲ್ಲಿದೆ. ಸೇಬಿನ ತೋಟಗಳಿಗೆ, ಕೆಂಪು ಮಣ್ಣಿಗೆ, ಬಿಳಿ ಮುಖದ ಹೆರೆಫರ್ಡ್ ದನಗಳಿಗೆ ಹೆಸರಾದ ಸೀಮೆ ಅದು. ಊರಿನ ದೇವಾಲಯ ಮಗ್ದಲದ ಸಂತ ಮರಿಯಮ್ಮನವರಿಗೆ ಅರ್ಪಿತವಾದದ್ದು. ಪಾಸ್ಕದ ಮುಂಜಾನೆ ಪುನರುತ್ಥಾನರಾದ ಪ್ರಭುವನ್ನು ಮೊದಲು ಕಂಡವರ ಹೆಸರಿನ ದೇವಾಲಯದಲ್ಲೇ ಈ ತೊಟ್ಟಿ ಇರುವುದು ಸೊಗಸಾದ ಸಂಗತಿ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಈ ಗಡಿ ಸೀಮೆ ಕಾದಾಟದ ನೆಲವಾಯಿತು. ದೊರೆಗಳು ಕೋಟೆ ಕಟ್ಟಿದರು, ಕೋಟೆಯ ಪಕ್ಕದಲ್ಲೇ ದೇವಾಲಯ ಕಟ್ಟಿದರು. 12ನೇ ಶತಮಾನದ ಎರಡನೆಯ ಕಾಲುಭಾಗದಿಂದ ಇಲ್ಲಿ ಒಂದು ಶಿಲ್ಪಿಗಳ ತಂಡ ಊರಿಂದೂರಿಗೆ ಹೋಗಿ ಕೆಲಸ ಮಾಡಿತು. ಕಿಲ್ಪೆಕ್, ಶಾಬ್ಡನ್, ಈರ್ಡಿಸ್ಲಿ, ಕ್ಯಾಸಲ್ ಫ್ರೂಮ್ ಮುಂತಾದ ಹಳ್ಳಿಗಳ ಕೆತ್ತನೆಗಳಲ್ಲಿ ಒಂದೇ ಕೈವಾಡ, ಒಂದೇ ಬಗೆಯ ಮುಖ, ಒಂದೇ ಬಗೆಯ ಬಟ್ಟೆಯ ಮಡಿಕೆ ಕಾಣುತ್ತದೆ. ಆದ್ದರಿಂದ ವಿದ್ವಾಂಸರು ಇದನ್ನು 'ಹೆರೆಫರ್ಡ್‌ಶೈರ್ ಶಿಲ್ಪ ಪರಂಪರೆ' ಎಂದು ಕರೆಯುತ್ತಾರೆ. ಹೆಚ್ಚು ಕಡಿಮೆ ಅದೇ ಕಾಲಕ್ಕೆ ನಮ್ಮ ಬೇಲೂರಿನಲ್ಲಿ ಕೆಲಸ ಮಾಡಿದ ಬಳ್ಳಿಗಾವಿಯ ದಾಸೋಜ ತನ್ನ ಹೆಸರನ್ನು ಕಲ್ಲಿನ ಮೇಲೆ ಬರೆದಿಟ್ಟುಹೋದ. ಹೆರೆಫರ್ಡ್‌ಶೈರಿನ ಈ ತಂಡ ತನ್ನ ಕೆಲಸವನ್ನಷ್ಟೇ ಬಿಟ್ಟುಹೋಯಿತು.

ಈಗ ತೊಟ್ಟಿಯ ಬಳಿಗೆ ಹೋಗೋಣ. ಅದು ಪಾನಪಾತ್ರೆಯ ಆಕಾರದಲ್ಲಿದೆ. ಮೇಲೆ ಅಗಲವಾದ ಬಟ್ಟಲು, ನಡುವೆ ಸಣ್ಣಗಾದ ಕುತ್ತಿಗೆ, ಕೆಳಗೆ ಮತ್ತೆ ಅಗಲವಾಗುವ ಕಾಲು. ಬಟ್ಟಲಿನ ಅಂಚಿನುದ್ದಕ್ಕೂ ಜಡೆ ಹೆಣೆದಂತೆ ಹೆಣಿಗೆಯ ಅಲಂಕಾರ. ಇಷ್ಟು ದೊಡ್ಡ ಬಟ್ಟಲು ಏಕೆ ಎಂದು ನಮ್ಮ ಮಕ್ಕಳು ಕೇಳಬಹುದು. ಆ ಕಾಲದಲ್ಲಿ ಮಗುವಿನ ತಲೆಯ ಮೇಲೆ ನೀರು ಸುರಿಯುವುದಕ್ಕಿಂತ ಮಗುವನ್ನೇ ಮೂರು ಬಾರಿ ನೀರಿನಲ್ಲಿ ಮುಳುಗಿಸಿ ಎತ್ತುವುದು ರೂಢಿಯಾಗಿತ್ತು. ಪಾಸ್ಕದ ಹಿಂದಿನ ರಾತ್ರಿ, ಪವಿತ್ರಾತ್ಮರ ಹಬ್ಬದ ಹಿಂದಿನ ರಾತ್ರಿ ಗುರುಗಳು ತೊಟ್ಟಿಯ ನೀರನ್ನು ಆಶೀರ್ವದಿಸುತ್ತಿದ್ದರು. ಆ ನೀರನ್ನು ತೊಟ್ಟಿಯಲ್ಲೇ ಕಾಪಾಡಿ ಇಡುತ್ತಿದ್ದರು. ಜನ ಅದನ್ನು ಕದ್ದೊಯ್ದು ಮಾಟ ಮಂತ್ರಕ್ಕೆ ಬಳಸುತ್ತಾರೆಂಬ ಭಯದಿಂದ 1236ರಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸಂತ ಎಡ್ಮಂಡರು ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಹಾಕಬೇಕೆಂದು ಆಜ್ಞೆ ಮಾಡಿದರು. ಇಂಗ್ಲೆಂಡಿನ ಎಷ್ಟೋ ಹಳೆಯ ತೊಟ್ಟಿಗಳ ಅಂಚಿನಲ್ಲಿ ಆ ಬೀಗದ ಕಬ್ಬಿಣ ಕೂರಿಸಿದ ಗುರುತು ಇಂದಿಗೂ ಉಳಿದಿದೆ. ತೀರ್ಥಕ್ಕೆ ಬೀಗ ಹಾಕಬೇಕಾದಷ್ಟು ಅದರ ಮೇಲೆ ನಂಬಿಕೆ ಇಟ್ಟಿದ್ದ ಜನ!

ಈರ್ಡಿಸ್ಲಿಯ ಬಟ್ಟಲಿನ ಸುತ್ತ ಬಂದರೆ ಮನುಷ್ಯರ ಆಕೃತಿಗಳು ಒಂದರ ಪಕ್ಕ ಒಂದು ಕಾಣಿಸುತ್ತವೆ. ಅವುಗಳ ನಡುವೆ ಹಗ್ಗದಂತೆ, ಬಳ್ಳಿಯಂತೆ ಸುತ್ತಿಕೊಂಡ ಪಟ್ಟಿಗಳು. ಅವುಗಳಲ್ಲಿ ನಮಗೆ ಮುಖ್ಯವಾದದ್ದು ಪ್ರಭು ಕ್ರಿಸ್ತರ ಆಕೃತಿ. ತಲೆಯ ಸುತ್ತ ಪ್ರಭಾವಳಿ, ಭುಜದ ಮೇಲೆ ಪವಿತ್ರಾತ್ಮರ ಗುರುತಾದ ಪಾರಿವಾಳ. ಅವರ ನಿಲುವಂಗಿ ಉಳುಮೆ ಮಾಡಿದ ಹೊಲದ ಸಾಲುಗಳಂತೆ ಗೆರೆ ಗೆರೆಯಾಗಿದೆ. ಅವರು ನಿಂತಿಲ್ಲ, ಮುನ್ನಡೆಯುತ್ತಿದ್ದಾರೆ. ಅವರ ಹಿಂದೆ ಒಬ್ಬ ಮನುಷ್ಯ ಆ ಹಗ್ಗದ ಗಂಟುಗಳಲ್ಲಿ ಸಿಕ್ಕಿಕೊಂಡಿದ್ದಾನೆ. ಆಕಾರದಲ್ಲಿ ಅವರಿಗಿಂತ ಚಿಕ್ಕವನು. ಪ್ರಭು ಅವನ ಮುಂಗೈ ಹಿಡಿದು ಎಳೆಯುತ್ತಿದ್ದಾರೆ.

ಆ ಮನುಷ್ಯ ಆದಾಮ. ಗಂಟು ಗಂಟಾದ ಆ ಹಗ್ಗಗಳೇ ಪಾತಾಳ. ಶಿಲ್ಪಿ ಬೆಂಕಿಯನ್ನಾಗಲಿ, ಕೊಂಬಿನ ಪಿಶಾಚಿಯನ್ನಾಗಲಿ ಕೆತ್ತಲು ಹೋಗಿಲ್ಲ. ಬಿಡಿಸಿಕೊಳ್ಳಲಾಗದ ಸಿಕ್ಕು ಎಂದರೆ ಏನೆಂದು ದನ ಕಟ್ಟುವ ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಒಂದು ಕರು ಹಗ್ಗದಲ್ಲಿ ಸಿಕ್ಕಿಕೊಂಡರೆ ಅದು ಒದ್ದಾಡಿದಷ್ಟೂ ಗಂಟು ಬಿಗಿಯುತ್ತದೆ, ಹೊರಗಿನಿಂದ ಒಬ್ಬರು ಬಂದೇ ಬಿಡಿಸಬೇಕು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಇಬ್ಬರು ಗೆಳೆಯರು ಹಿಡಿದುಕೊಳ್ಳುವಂತೆ ಅಂಗೈಗೆ ಅಂಗೈ ಸೇರಿಲ್ಲ. ಅಂಗೈ ಹಿಡಿದರೆ ಹಿಡಿತ ಇಬ್ಬರದ್ದೂ ಆಗುತ್ತದೆ, ಒಬ್ಬರು ಸಡಿಲಿಸಿದರೆ ಜಾರಿಹೋಗುತ್ತದೆ. ಮುಂಗೈ ಹಿಡಿದರೆ ಹಿಡಿದವರದ್ದೇ ಬಲ. ಬಾವಿಗೆ ಬಿದ್ದವರನ್ನು ಮೇಲಕ್ಕೆತ್ತುವವರು, ಹೊಳೆಯಲ್ಲಿ ಮುಳುಗುತ್ತಿರುವವರನ್ನು ದೋಣಿಗೆ ಎಳೆಯುವವರು ಹಿಡಿಯುವುದು ಹೀಗೆಯೇ. ಪೂರ್ವ ದೇಶಗಳ ಧರ್ಮಸಭೆಯಲ್ಲಿ ಪುನರುತ್ಥಾನ ಹಬ್ಬದ ಪವಿತ್ರ ಚಿತ್ರ ಎಂದರೆ ಇದೇ ದೃಶ್ಯ. ಮುರಿದುಬಿದ್ದ ಪಾತಾಳದ ಬಾಗಿಲುಗಳ ಮೇಲೆ ನಿಂತ ಪ್ರಭು ಆದಾಮನನ್ನೂ ಏವಳನ್ನೂ ಕೈಹಿಡಿದು ಎಬ್ಬಿಸುತ್ತಿರುತ್ತಾರೆ. ಪವಿತ್ರ ಶನಿವಾರದ ಧರ್ಮಸಭೆಯ ಪ್ರಾರ್ಥನಾ ವಿಧಿಯಲ್ಲಿ ಓದಲಾಗುವ ಒಂದು ಪ್ರಾಚೀನ ಪ್ರಬೋಧನೆಯೂ ಇದನ್ನೇ ವರ್ಣಿಸುತ್ತದೆ. ನಿದ್ರಿಸುತ್ತಿರುವ ಆದಾಮನನ್ನು ಪ್ರಭು ಕೈಹಿಡಿದು ಎಬ್ಬಿಸಿ, ನಿನಗಾಗಿಯೇ ನಾನು ಬಂದೆ ಎಂಬರ್ಥದ ಮಾತಾಡುತ್ತಾರೆ. ಮಧ್ಯಯುಗದ ಯೂರೋಪಿನಲ್ಲಿ 'ನಿಕೊದೇಮನ ಶುಭಸಂದೇಶ' ಎಂಬ ಪುಸ್ತಕ ಬಹಳ ಜನಪ್ರಿಯವಾಗಿತ್ತು. ಧರ್ಮಸಭೆ ಅದನ್ನು ಪವಿತ್ರ ಗ್ರಂಥದಲ್ಲಿ ಸೇರಿಸಿಲ್ಲ. ಆದರೂ ಈ ದೃಶ್ಯವನ್ನು ಜನರ ಮನಸ್ಸಿಗೆ ಹತ್ತಿರ ತಂದ ಕೀರ್ತಿ ಅದಕ್ಕೆ ಸಲ್ಲಬೇಕು.

ಎಲ್ಲಾ ಸರಿ, ಈ ದೃಶ್ಯ ಜ್ಞಾನಸ್ನಾನದ ತೊಟ್ಟಿಯ ಮೇಲೇಕೆ? ಸಂತ ಪೇತ್ರರ ಮೊದಲನೆಯ ಪತ್ರದ ಮೂರನೆಯ ಅಧ್ಯಾಯವನ್ನು ಮನೆಯ ಬೈಬಲಿನಲ್ಲಿ ತೆರೆದು ನೋಡಿ. 18ರಿಂದ 21ರವರೆಗಿನ ವಚನಗಳಲ್ಲಿ ಪೇತ್ರರು ಮೊದಲು ಮರಣ ಹೊಂದಿದ ಕ್ರಿಸ್ತರು ಸೆರೆಯಲ್ಲಿದ್ದ ಆತ್ಮಗಳ ಬಳಿಗೆ ಹೋಗಿ ಸಾರಿದ್ದನ್ನು ಹೇಳುತ್ತಾರೆ. ಅದೇ ಉಸಿರಿನಲ್ಲಿ ನೋವನ ನಾವೆಯ ಮಾತು ಬರುತ್ತದೆ, ಅಲ್ಲಿಂದ ನೇರವಾಗಿ ಜ್ಞಾನಸ್ನಾನಕ್ಕೆ ಬರುತ್ತಾರೆ. ಪಾತಾಳಕ್ಕೆ ಇಳಿದದ್ದು, ಜಲಪ್ರಳಯ, ಜ್ಞಾನಸ್ನಾನ ಎಲ್ಲವೂ ನಾಲ್ಕೇ ವಚನಗಳಲ್ಲಿ. ಪಾಸ್ಕ ಜಾಗರಣೆಯಲ್ಲಿ ನಾವು ಕೇಳುವ ರೋಮನರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಸಂತ ಪೌಲರೂ ಇದನ್ನೇ ಹೇಳುತ್ತಾರೆ. ಜ್ಞಾನಸ್ನಾನ ಪಡೆದವರು ಕ್ರಿಸ್ತರ ಮರಣದಲ್ಲಿ ಪಾಲುಗೊಂಡು ಅವರೊಡನೆ ಹೂಳಲ್ಪಟ್ಟವರು. ಮಗು ನೀರಿನೊಳಗೆ ಮುಳುಗಿದಾಗ ಸಮಾಧಿಗೆ ಇಳಿಯುತ್ತದೆ, ಮೇಲೆ ಬಂದಾಗ ಅದನ್ನು ಎತ್ತುವ ಕೈ ಕ್ರಿಸ್ತರದ್ದು. ಇಂದೂ ಜಾಗರಣೆಯ ರಾತ್ರಿ ಗುರುಗಳು ಪಾಸ್ಕ ಮೇಣದಬತ್ತಿಯನ್ನು ನೀರಿಗೆ ಇಳಿಸುವುದನ್ನು ನೀವು ನೋಡಿರಬಹುದು. ಬೆಳಕು ಆಳಕ್ಕೆ ಇಳಿಯುವುದನ್ನು ಕಣ್ಣಿಗೆ ತೋರಿಸುವ ವಿಧಿ ಅದು.

ಈ ಕೆತ್ತನೆಯ ಎದುರು ನಿಂತರೆ ಜ್ಞಾನಸ್ನಾನ ಹೆಸರಿಡುವ ಸಮಾರಂಭವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮಗುವಿನ ಕೈಯಲ್ಲಿ ಏನೂ ಇಲ್ಲ, ಅದಕ್ಕೆ ಪ್ರಭುವಿನ ಕೈ ಹಿಡಿಯುವ ಶಕ್ತಿಯೂ ಇಲ್ಲ, ಬುದ್ಧಿಯೂ ಇಲ್ಲ. ಏನೂ ತಿಳಿಯದ ಕೂಸಿಗೆ ಏಕೆ ಜ್ಞಾನಸ್ನಾನ, ದೊಡ್ಡದಾದ ಮೇಲೆ ಅದೇ ನಿರ್ಧರಿಸಲಿ ಎನ್ನುವವರು ನಮ್ಮ ಸುತ್ತ ಇದ್ದಾರೆ. ನಮ್ಮ ಮನೆಗಳಲ್ಲೇ ಈ ವಾದ ನಡೆಯುತ್ತದೆ. ಈರ್ಡಿಸ್ಲಿಯ ಶಿಲ್ಪಿಯನ್ನು ಕೇಳಿದರೆ, ಆದಾಮನ ಮುಂಗೈಯನ್ನು ತೋರಿಸುತ್ತಿದ್ದ.

ಅದೇ ತೊಟ್ಟಿಯ ಇನ್ನೊಂದು ಬದಿಯಲ್ಲಿ ಇಬ್ಬರು ಯೋಧರು ಕಾದಾಡುತ್ತಿದ್ದಾರೆ. ಒಬ್ಬನ ಕೈಯಲ್ಲಿ ಈಟಿ, ಇನ್ನೊಬ್ಬನ ಕೈಯಲ್ಲಿ ಖಡ್ಗ. ಈಟಿಯ ಮೊನೆ ಎದುರಾಳಿಯ ತೊಡೆಗೆ ನಾಟಿದೆ. ಆ ಊರಿನ ಒಡೆಯರಾಗಿದ್ದ ಬಾಸ್ಕರ್ವಿಲ್ ಮನೆತನದ ರಾಲ್ಫ್ ತನ್ನ ಮಾವನೊಡನೆ ಹೂಡಿದ ದ್ವಂದ್ವಯುದ್ಧವೇ ಇದು ಎಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ಇರಲೂಬಹುದು, ಮನೆಯ ಜಗಳ ಕಲ್ಲಿಗೇರಿದ್ದು ಅದೇ ಮೊದಲಲ್ಲ. ಆದರೆ ಯೋಧರ ಕಾಲುಗಳ ಸುತ್ತಲೂ ಅವೇ ಹಗ್ಗದ ಗಂಟುಗಳಿವೆ, ಆದಾಮನನ್ನು ಹಿಡಿದಿಟ್ಟಿರುವಂಥವೇ. ಕ್ರೋಧದಲ್ಲಿ ಸಿಕ್ಕಿಕೊಂಡವರೂ ಪಾತಾಳದಲ್ಲೇ ಇದ್ದಾರೆ ಎಂದು ಓದಿಕೊಳ್ಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಒಡೆಯನ ಮಗುವಿಗೂ ಕೂಲಿಯವನ ಮಗುವಿಗೂ ಇದೇ ತೊಟ್ಟಿಯಲ್ಲಿ ಜ್ಞಾನಸ್ನಾನವಾಗುತ್ತಿತ್ತು. ಪ್ರತಿಯೊಂದು ಜ್ಞಾನಸ್ನಾನದಲ್ಲೂ ಊರ ಒಡೆಯ ಆ ಯೋಧರನ್ನು ನೋಡಲೇಬೇಕಿತ್ತು.

ಜೊತೆಗೆ ಒಂದು ದೊಡ್ಡ ಸಿಂಹವೂ ಇದೆ. ಅದು ಮಿತ್ರನೋ ಶತ್ರುವೋ ಎಂದು ಪಂಡಿತರು ಇನ್ನೂ ಚರ್ಚಿಸುತ್ತಾರೆ. ಸಂತ ಪೇತ್ರರ ಅದೇ ಪತ್ರದಲ್ಲಿ ಪಿಶಾಚಿ ಗರ್ಜಿಸುವ ಸಿಂಹದಂತೆ ಅಲೆಯುತ್ತಾನೆ. ಮೃತರ ಬಲಿಪೂಜೆಯ ಹಳೆಯ ಲತೀನ್ ಕಾಣಿಕೆ ಗೀತೆಯಲ್ಲಿ ಆತ್ಮಗಳನ್ನು ಸಿಂಹದ ಬಾಯಿಂದ ಬಿಡಿಸೆಂದು ಬೇಡಿಕೊಳ್ಳುತ್ತಿದ್ದರು. ಇನ್ನೊಂದೆಡೆ, ಪ್ರಕಟನಾ ಗ್ರಂಥದಲ್ಲಿ ಕ್ರಿಸ್ತರೇ ಯೂದ ಕುಲದ ಸಿಂಹ. ಆ ಕಾಲದ ಪ್ರಾಣಿಕಥೆಗಳ ಪುಸ್ತಕಗಳಲ್ಲಿ ಸಿಂಹದ ಮರಿಗಳು ಸತ್ತೇ ಹುಟ್ಟುತ್ತವೆ, ಮೂರನೆಯ ದಿನ ತಂದೆ ಸಿಂಹ ಬಂದು ಉಸಿರೂದಿದಾಗ ಜೀವ ಪಡೆಯುತ್ತವೆ ಎಂಬ ನಂಬಿಕೆ ಇತ್ತು. ಮೂರನೆಯ ದಿನ ಎಂದ ಮೇಲೆ ವಿವರಿಸಬೇಕೇ? ಪಾಸ್ಕದ ಪ್ರಬೋಧನೆಯಲ್ಲಿ ಬಳಸಲು ಗುರುಗಳಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗುತ್ತಿರಲಿಲ್ಲ.

ಮಧ್ಯಯುಗದಲ್ಲಿ ಜ್ಞಾನಸ್ನಾನದ ವಿಧಿ ತೊಟ್ಟಿಯ ಬಳಿ ಆರಂಭವಾಗುತ್ತಿರಲಿಲ್ಲ. ಗುರುಗಳು ಮಗುವನ್ನು ದೇವಾಲಯದ ಬಾಗಿಲಲ್ಲಿ ಎದುರುಗೊಳ್ಳುತ್ತಿದ್ದರು. ಹೊಸ್ತಿಲ ಹೊರಗೇ ಮಗುವಿನ ಹೆಸರು ಕೇಳಿ, ಹಣೆಯ ಮೇಲೆ ಶಿಲುಬೆ ಗುರುತು ಹಾಕಿ, ನಾಲಿಗೆಗೆ ಉಪ್ಪು ಮುಟ್ಟಿಸಿ, ದುಷ್ಟಶಕ್ತಿಯನ್ನು ಹೊರಗಟ್ಟುವ ಪ್ರಾರ್ಥನೆ ಹೇಳಿ, ಆಮೇಲೆ ಒಳಗೆ ಕರೆದೊಯ್ಯುತ್ತಿದ್ದರು. ಇಂದಿನ ವಿಧಿಯಲ್ಲೂ ಬಾಗಿಲ ಸ್ವಾಗತ ಉಳಿದಿದೆ. ಹಾಗಾಗಿ ಬಾಗಿಲು ಎಂಬುದು ಬರೀ ದಾರಿಯಲ್ಲ. ಈ ಶಿಲ್ಪಿಗಳು ಬಾಗಿಲನ್ನು ಹೇಗೆ ಕಂಡರೆಂದು ತಿಳಿಯಲು ಅದೇ ಜಿಲ್ಲೆಯ ಇನ್ನೊಂದು ಹಳ್ಳಿ ಕಿಲ್ಪೆಕ್‌ಗೆ ಹೋಗಬೇಕು.

ಕಿಲ್ಪೆಕ್‌ನ ಪುಟ್ಟ ದೇವಾಲಯ ಮಾತೆ ಮರಿಯಮ್ಮನವರಿಗೂ ವೇಲ್ಸ್ ನಾಡಿನ ಪಾಲಕ ಸಂತ ದಾವೀದರಿಗೂ ಅರ್ಪಿತವಾಗಿದೆ. ಪಕ್ಕದ ಕೋಟೆ ಪಾಳುಬಿದ್ದಿದೆ. ದೇವಾಲಯ ಮಾತ್ರ ಸುಮಾರು 1140ರಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ ಹಾಗೆಯೇ ನಿಂತಿದೆ. ಅದರ ದಕ್ಷಿಣದ ಬಾಗಿಲೇ ಒಂದು ಧರ್ಮೋಪದೇಶ. ಎಡಗಡೆಯ ಕಂಬದಲ್ಲಿ ಉದ್ದ ಷರಾಯಿ ತೊಟ್ಟ ಇಬ್ಬರು ಯೋಧರು ಬಳ್ಳಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಬಾಗಿಲ ಎರಡೂ ಬದಿಗಳಲ್ಲಿ ಸರ್ಪಗಳು. ಕಮಾನಿನ ಸುತ್ತ ವಿಚಿತ್ರ ಪ್ರಾಣಿ ಪಕ್ಷಿಗಳು. ಇವೆಲ್ಲವುಗಳ ನಡುವೆ, ಬಾಗಿಲಿನ ಮೇಲಿನ ಅರ್ಧಚಂದ್ರಾಕಾರದ ಕಲ್ಲಿನಲ್ಲಿ, ಗೊಂಚಲು ಬಿಟ್ಟ ಜೀವವೃಕ್ಷ. ಆದಾಮ ಕಳೆದುಕೊಂಡ ಮರ ಅದು. ಸರ್ಪಗಳ ನಡುವೆ ನುಗ್ಗಿ ಆ ಮರದ ಕೆಳಗೆ ಹಾದುಹೋದರೆ ಒಳಗೆ ತೊಟ್ಟಿ ಸಿಗುತ್ತದೆ. ಕಿಲ್ಪೆಕ್‌ನ ತೊಟ್ಟಿಯ ಮೇಲೆ ಕೆತ್ತನೆಯೇ ಇಲ್ಲ. ನುಣುಪು ಮಾಡಿದ ಬೃಹತ್ ಬಟ್ಟಲು ಅಷ್ಟೇ. ಹೇಳಬೇಕಾದ್ದನ್ನೆಲ್ಲಾ ಬಾಗಿಲೇ ಹೇಳಿ ಮುಗಿಸಿದೆ. ಒಳಗೆ ಬಲಿಪೀಠದ ಕಡೆಗಿನ ಕಮಾನಿನ ಎರಡೂ ಬದಿ ಒಬ್ಬರ ತಲೆಯ ಮೇಲೆ ಒಬ್ಬರಂತೆ ಸಂತರು ನಿಂತಿದ್ದಾರೆ. ಅವರಲ್ಲಿ ಬೀಗದಕೈ ಹಿಡಿದ ಸಂತ ಪೇತ್ರರನ್ನು ಯಾರಾದರೂ ಗುರುತಿಸಬಹುದು.

ಹೊರಗೆ ಸೂರಿನ ಕೆಳಗೆ ಗೋಡೆಯಿಂದ ಹೊರಚಾಚಿದ ಆಧಾರಗಲ್ಲುಗಳಿವೆ, ಸುಮಾರು 85 ಉಳಿದಿವೆ. ಪ್ರತಿಯೊಂದರಲ್ಲೂ ಒಂದೊಂದು ಮುಖ. ಶಿಲುಬೆ ಹೊತ್ತ ದೇವರ ಕುರಿಮರಿ ಒಂದರಲ್ಲಿದ್ದರೆ, ಇನ್ನೊಂದರಲ್ಲಿ ನಾಯಿ ಮತ್ತು ಮೊಲ ಅಕ್ಕಪಕ್ಕ ಕೂತು ನಮ್ಮನ್ನೇ ನೋಡುತ್ತವೆ. ಮತ್ತೆ ಹಂದಿ, ಟಗರು, ತಂತಿವಾದ್ಯ ನುಡಿಸುವವನು. ಒಂದೆರಡನ್ನು ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ವರ್ಣಿಸುವುದು ಕಷ್ಟ, ಹೋದವರು ನೋಡಿಯೇ ತಿಳಿಯಬೇಕು. ದೇವರ ಮನೆಯಲ್ಲಿ ಇದೆಲ್ಲಾ ಏಕೆ ಎಂದು ಅಂದೂ ಕೇಳಿದವರಿದ್ದರು. ಕ್ಲೇರ್ವೋದ ಸಂತ ಬರ್ನಾರ್ಡರು ಸುಮಾರು 1125ರಲ್ಲಿ ಬರೆದ ಪತ್ರವೊಂದರಲ್ಲಿ ಮಠಗಳ ಕಂಬಗಳ ಮೇಲಿನ ವಿಕಾರ ಪ್ರಾಣಿಗಳನ್ನು ಕಟುವಾಗಿ ಟೀಕಿಸಿದ್ದಾರೆ. ಸನ್ಯಾಸಿಗಳು ದೇವರ ವಾಕ್ಯ ಓದುವುದನ್ನು ಬಿಟ್ಟು ಕಲ್ಲನ್ನು ಓದುತ್ತಾ ಕೂರುತ್ತಾರೆ ಎಂಬುದು ಅವರ ಚಿಂತೆ, ಅದಕ್ಕೆ ಹಾಳು ಮಾಡುವ ಹಣ ಬಡವರಿಗೆ ಸೇರಬೇಕು ಎಂಬುದು ಇನ್ನೊಂದು ಚಿಂತೆ. ಎರಡನೆಯದನ್ನು ನಾವೂ, ದೇವಾಲಯ ಕಟ್ಟಿಸುವಾಗಲೆಲ್ಲಾ, ನೆನಪಿಡಬೇಕಾದದ್ದೇ. ಆದರೆ ಬರ್ನಾರ್ಡರು ಬರೆದದ್ದು ಅಕ್ಷರ ಬಲ್ಲ ಸನ್ಯಾಸಿಗಳಿಗೆ. ಕಿಲ್ಪೆಕ್‌ನ ರೈತನಿಗೆ ಓದಲು ಕಲ್ಲು ಬಿಟ್ಟರೆ ಬೇರೇನಿತ್ತು?

ಈ ಶಿಲ್ಪಿಗಳಿಗೆ ಇಷ್ಟೆಲ್ಲಾ ಎಲ್ಲಿಂದ ಬಂತು? ಇದಕ್ಕೆ ಒಂದು ತೀರ್ಥಯಾತ್ರೆಯ ಕಥೆ ಹೇಳುತ್ತಾರೆ. ಮಾರ್ಟಿಮರ್ ಎಂಬ ದೊಡ್ಡ ಒಡೆಯರ ಮನೆಯಲ್ಲಿ ಆಲಿವರ್ ದ ಮರ್ಲಿಮಂಡ್ ಎಂಬ ಪಾರುಪತ್ಯಗಾರನಿದ್ದ. ಅವನು 1130ರ ದಶಕದ ಸುಮಾರಿಗೆ ಸ್ಪೇನಿನ ಸಾಂತಿಯಾಗೊ ದ ಕೊಂಪೊಸ್ತೆಲಾದಲ್ಲಿರುವ ಸಂತ ಯಕೋಬರ ಸಮಾಧಿಗೆ ಯಾತ್ರೆ ಹೋಗಿಬಂದ. ತನ್ನ ಊರು ಶಾಬ್ಡನ್ನಿನಲ್ಲಿ ಒಂದು ದೇವಾಲಯ ಕಟ್ಟಿಸಿದ, ಹೆರೆಫರ್ಡಿನ ಧರ್ಮಾಧ್ಯಕ್ಷ ರಾಬರ್ಟರು ಅದನ್ನು ಪ್ರತಿಷ್ಠಾಪಿಸಿದರು. ಯಾತ್ರೆಯ ದಾರಿಯಲ್ಲಿ ಫ್ರಾನ್ಸಿನಲ್ಲೂ ಸ್ಪೇನಿನಲ್ಲೂ ಕಂಡ ದೇವಾಲಯಗಳ ನೆನಪು ಈ ಸೀಮೆಯ ಕೆತ್ತನೆಗಳಲ್ಲಿ ಇಳಿದಿದೆ ಎಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಕಿಲ್ಪೆಕ್‌ನ ಕಮಾನಿನ ಸಂತರಿಗೂ ಸಾಂತಿಯಾಗೊದ ಬಾಗಿಲಿನ ಸಂತರಿಗೂ ನಂಟಿದೆ. ಯಾತ್ರೆಯಿಂದ ನಾವು ಮೇಣದಬತ್ತಿ, ಜಪಸರ ತಂದು ನೆರೆಹೊರೆಗೆ ಹಂಚುತ್ತೇವೆ. ಆಲಿವರ್ ತನ್ನ ಜಿಲ್ಲೆಗೆ ಒಂದು ಶಿಲ್ಪಕಲೆಯನ್ನೇ ತಂದು ಹಂಚಿದ.

ಆ ಶಾಬ್ಡನ್ ದೇವಾಲಯಕ್ಕೆ ಆಮೇಲೆ ಆದ ಗತಿ ಮನಸ್ಸಿಗೆ ನೋವು ತರುವಂಥದ್ದು. 18ನೇ ಶತಮಾನದ ಮಧ್ಯದಲ್ಲಿ ಆ ಊರಿನ ಬೇಟ್‌ಮನ್ ಮನೆತನದ ಒಡೆಯರು ಹಳೆಯದನ್ನು ಕೆಡವಿ ಆಗಿನ ಫ್ಯಾಷನ್ನಿಗೆ ತಕ್ಕ ಹೊಸ ದೇವಾಲಯ ಕಟ್ಟಿಸಿದರು. ಕೆತ್ತನೆಯ ಕಮಾನುಗಳನ್ನು ಬಿಸಾಡಲು ಮನಸ್ಸಾಗಲಿಲ್ಲ. ಗುಡ್ಡದ ಮೇಲೆ, ಬಂಗಲೆಯಿಂದ ಚೆನ್ನಾಗಿ ಕಾಣುವಂತೆ, ಉದ್ಯಾನದ ಶೋಭೆಗೆಂದು ನಿಲ್ಲಿಸಿದರು. ಸೂರಿಲ್ಲದ ಮರಳುಗಲ್ಲಿಗೆ ಮಳೆ, ಹಿಮ, ಗಾಳಿ ಹೊಡೆಯುತ್ತಾ ಹೋಯಿತು. ಜಾರ್ಜ್ ರಾಬರ್ಟ್ ಲೂಯಿಸ್ ಎಂಬ ಚಿತ್ರಕಾರ 1852ರಲ್ಲಿ ಅವುಗಳ ರೇಖಾಚಿತ್ರಗಳನ್ನು ಪ್ರಕಟಿಸಿದ್ದರಿಂದ ಅಲ್ಲಿ ಏನೇನಿತ್ತೆಂದು ನಮಗೆ ತಿಳಿಯುತ್ತದೆ. ಒಂದು ಕಲ್ಲಿನಲ್ಲಿ ಮಹಿಮೆಯಲ್ಲಿ ಕುಳಿತ ಕ್ರಿಸ್ತರು. ಇನ್ನೊಂದರಲ್ಲಿ, ಪಾತಾಳದಿಂದ ಮನುಷ್ಯರನ್ನು ಬಿಡಿಸುತ್ತಿರುವ ಕ್ರಿಸ್ತರು. ಇಂದು ಗುಡ್ಡ ಹತ್ತಿ ಹೋದವರಿಗೆ ಕಾಣುವುದು ತೇದುಹೋದ ಉಬ್ಬುಗಳು ಮಾತ್ರ. ಅದೇ ದೃಶ್ಯ ಈರ್ಡಿಸ್ಲಿಯಲ್ಲಿ ಸ್ಪಷ್ಟವಾಗಿ ಉಳಿದಿದೆ. ಅಲ್ಲಿ ಕಲ್ಲನ್ನು ಯಾರೂ ಅಲಂಕಾರವೆಂದು ಎತ್ತಿಕೊಂಡು ಹೋಗಲಿಲ್ಲ. ಅದು ದೇವಾಲಯದ ಒಳಗೇ ಇತ್ತು, ನೀರು ತುಂಬಿಕೊಂಡು ಕೆಲಸ ಮಾಡುತ್ತಿತ್ತು.

ಇಂಗ್ಲೆಂಡಿನ ಎಲ್ಲಾ ತೊಟ್ಟಿಗಳಿಗೂ ಆ ಭಾಗ್ಯ ಸಿಗಲಿಲ್ಲ. ದೇಶದ ಪೂರ್ವ ಭಾಗದಲ್ಲಿ, ಮುಖ್ಯವಾಗಿ ನಾರ್ಫೋಕ್ ಮತ್ತು ಸಫೋಕ್ ಜಿಲ್ಲೆಗಳಲ್ಲಿ, 15ನೇ ಶತಮಾನದಲ್ಲಿ ಎಂಟು ಮುಖದ ತೊಟ್ಟಿಗಳನ್ನು ಮಾಡಿದರು. ಏಳು ಮುಖಗಳಲ್ಲಿ ಏಳು ಸಂಸ್ಕಾರಗಳು, ಎಂಟನೆಯದರಲ್ಲಿ ಹೆಚ್ಚಾಗಿ ಶಿಲುಬೆಯ ಮೇಲಿನ ಪ್ರಭು ಅಥವಾ ಅವರ ಜ್ಞಾನಸ್ನಾನ. ಮದುವೆಯ ಮುಖದಲ್ಲಿ ವಧೂವರರ ಕೈ ಜೋಡಿಸುವ ಗುರು, ಇನ್ನೊಂದರಲ್ಲಿ ಹಾಸಿಗೆ ಹಿಡಿದವನಿಗೆ ಎಣ್ಣೆ ಹಚ್ಚುವ ಗುರು. ಇಂಥ ಸುಮಾರು 40 ತೊಟ್ಟಿಗಳು ಉಳಿದಿವೆ. 1530ರ ದಶಕದಲ್ಲಿ ಇಂಗ್ಲೆಂಡಿನ ಅರಸ ವಿಶ್ವಗುರುಗಳೊಡನೆ ಸಂಬಂಧ ಕಡಿದುಕೊಂಡ ಮೇಲೆ ಏಳು ಸಂಸ್ಕಾರಗಳೆಂಬ ಮಾತೇ ವಿವಾದವಾಯಿತು. 1547ರ ನಂತರವೂ, ಮತ್ತೆ 1643-44ರ ಕಾಲದಲ್ಲೂ ಆಜ್ಞೆಗಳು ಹೊರಟು ಚಿತ್ರಗಳನ್ನೂ ಪ್ರತಿಮೆಗಳನ್ನೂ ಒಡೆದರು. ಹಲವು ತೊಟ್ಟಿಗಳಲ್ಲಿ ಇಂದಿಗೂ ಮೈ ಇದೆ, ಮುಖವಿಲ್ಲ. ಉಳಿ ಹಿಡಿದು ಕಟ್ಟಿದ ದೇಶದಲ್ಲೇ ಉಳಿ ಹಿಡಿದು ಒಡೆದರು. ಈ ಹಳ್ಳಿ ದೇವಾಲಯಗಳೆಲ್ಲಾ ಈಗ ಆಂಗ್ಲಿಕನ್ ಸಭೆಗೆ ಸೇರಿವೆ. ಅವುಗಳನ್ನು ಇಂದು ಪ್ರೀತಿಯಿಂದ ಕಾಪಾಡುತ್ತಿರುವವರೂ ಅವರೇ ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಒಂದೇ ಜ್ಞಾನಸ್ನಾನ ನಮ್ಮಿಬ್ಬರದ್ದೂ.

ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾರೂ ಬೇಸರಿಸಬಾರದು. ನಮ್ಮಲ್ಲೂ ಹಳೆಯ ದೇವಾಲಯಗಳಲ್ಲಿ ಕಲ್ಲಿನ ತೊಟ್ಟಿಗಳಿವೆ. ಕೆತ್ತನೆ ಹೆಚ್ಚಿಲ್ಲದಿರಬಹುದು, ಆದರೆ ನಮ್ಮ ಅಜ್ಜಿ ತಾತಂದಿರಿಗೆ ಜ್ಞಾನಸ್ನಾನವಾದದ್ದು ಅವುಗಳಲ್ಲೇ. ದೇವಾಲಯ ನವೀಕರಣದ ಉತ್ಸಾಹದಲ್ಲಿ ಅವು ಅಂಗಳಕ್ಕೆ ಬಂದು ಹೂಗಿಡದ ಕುಂಡಗಳಾಗುವುದನ್ನು, ಜ್ಞಾನಸ್ನಾನಕ್ಕೆ ಸ್ಟೀಲ್ ಬೋಗುಣಿ ಬರುವುದನ್ನು ಕಂಡಿದ್ದೇನೆ. ಸಂಸ್ಕಾರಕ್ಕೆ ಬೋಗುಣಿಯ ನೀರೂ ಸಾಕು, ಕೃಪೆಯಲ್ಲಿ ಕೊರತೆಯಿಲ್ಲ. ಆದರೆ ಶಾಬ್ಡನ್ ಗುಡ್ಡ ನೆನಪಾಗುತ್ತದೆ.

ಇನ್ನು ಕ್ಯಾಸಲ್ ಫ್ರೂಮ್ ಒಂದು ಉಳಿಯಿತು. ಅದೂ ಹೆರೆಫರ್ಡ್‌ಶೈರಿನದೇ ಹಳ್ಳಿ, ದೂತರಾಜ ಸಂತ ಮಿಖಾಯೇಲರ ದೇವಾಲಯ. ಅಲ್ಲಿನ ತೊಟ್ಟಿ ಅದೇ ಶತಮಾನದ್ದು, ಅದೇ ಪರಂಪರೆಯದು. ನಾಲ್ವರು ಶುಭಸಂದೇಶಕಾರರ ಗುರುತುಗಳು ಬಟ್ಟಲಿನ ಸುತ್ತ ಇವೆ. ನಡುವೆ ಪ್ರಭುವಿನ ಜ್ಞಾನಸ್ನಾನ. ಶಿಲ್ಪಿಗೆ ಜೋರ್ಡಾನ್ ನದಿಯನ್ನು ಕಂಡು ಗೊತ್ತಿರಲಿಕ್ಕಿಲ್ಲ. ತನ್ನ ಊರಿನ ಕೆರೆಯಂತೆ ಒಂದು ಗುಂಡಗಿನ ಕೊಳ ಮಾಡಿ, ಅಲೆಗಳ ಸುತ್ತುಗೆರೆ ಎಳೆದು, ಒಳಗೆ ಮೀನುಗಳನ್ನು ಬಿಟ್ಟಿದ್ದಾನೆ. ಯೇಸುಸ್ವಾಮಿ ಆ ನೀರಿನಲ್ಲಿ ನಿಂತಿದ್ದಾರೆ, ಪಕ್ಕದಲ್ಲಿ ಸ್ನಾನಿಕ ಯೊವಾನ್ನರು, ಮೇಲಿನಿಂದ ತಂದೆಯ ಕೈ, ಪಾರಿವಾಳ. ಈರ್ಡಿಸ್ಲಿಯಲ್ಲಿ ಪಾತಾಳಕ್ಕೆ ಇಳಿದವರು ಇಲ್ಲಿ ನೀರಿಗೆ ಇಳಿದಿದ್ದಾರೆ. ಎರಡೂ ಒಂದೇ ಇಳಿಯುವಿಕೆ ಎಂದು ಪ್ರಾಚೀನ ಧರ್ಮಪಿತೃಗಳು ಬೋಧಿಸುತ್ತಿದ್ದರು.

ಆ ಭಾರವಾದ ಬಟ್ಟಲನ್ನು ಕೆಳಗಿನಿಂದ ಹೊತ್ತಿರುವುದು ನೆಲಕ್ಕೆ ಕುಗ್ಗಿ ಕೂತ ಮನುಷ್ಯರ ಆಕೃತಿಗಳು. ಅವು ಪಾಪದ ಭಾರದಲ್ಲಿ ನಲುಗಿದವರು ಎಂದು ಕೆಲವರು, ಸೋತ ದುಷ್ಟಶಕ್ತಿಗಳು ಎಂದು ಕೆಲವರು ಹೇಳುತ್ತಾರೆ. ಮಗುವನ್ನು ಎತ್ತಿಕೊಂಡು ತೊಟ್ಟಿಯ ಬಳಿ ನಿಲ್ಲುವ ಜ್ಞಾನ ತಂದೆ ತಾಯಿಯರ ಕಣ್ಣಿಗೆ ಆ ಆಕೃತಿಗಳು ಬೀಳುವುದಿಲ್ಲ, ಅವರಿಗೆ ಕಾಣುವುದು ಮೀನು ಮತ್ತು ನೀರು. ಜೊತೆಗೆ ಬಂದ ಚಿಕ್ಕ ಮಕ್ಕಳಿಗೆ ಮಾತ್ರ, ಅವರ ಎತ್ತರಕ್ಕೆ ಸರಿಯಾಗಿ, ಕೆಳಗಿನವರ ಮುಖ ಕಾಣುತ್ತದೆ.